ಶೋಧನೆಯ ಬೆಂಕಿಯಲ್ಲಿ ಪಂಡಿತೆ ರಮಾಬಾಯಿಯವರು



ಮುಂಗಾರು ತಪ್ಪಿದ ವರುಷದಲ್ಲಿ ಹಿರೇಹಡಗಲಿಯ ಸುತ್ತಲಿನ ಹೊಲಗಳು ಹೇಗೆ ಬಾಯಿಬಿಡುವವೆಂಬದನ್ನು ನಾವು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬಿತ್ತಿದ ಜೋಳವು ತೆನೆಹಿಡಿಯುವ ಮೊದಲೇ ಒಣಗುವದು. ದನಕರುಗಳಿಗೆ ಸೊಪ್ಪೆ ಸಾಲದೆ ಹೋಗುವದು. ಕಡೆಗೆ ಬಾಗಲಿಗೆ ಬೀಗಹಾಕಿ, ಗಂಟುಮೂಟೆ ಹೊತ್ತು, ಮಕ್ಕಳನ್ನು ಕರಕೊಂಡು ಗುಳೆ ಹೋಗುವವರು ದಾರಿಯಲ್ಲಿ ಕಾಣುವರು. ಇಂಥ ಕಾಲದಲ್ಲಿ ಕ್ರಿಸ್ತನನ್ನು ನಂಬಿದ ಮನೆಯವರಿಗೆ ಕೊರತೆಯ ಸಂಗಡ ಮತ್ತೊಂದು ಭಾರವೂ ಬರುವದುಂಟು. ಹಿರಿಯರ ದೇವರನ್ನು ಬಿಟ್ಟದ್ದರಿಂದಲೇ ಈ ಗತಿ ಬಂತೆಂದು ನೆಂಟರು ಆಡಿಕೊಳ್ಳುವರು. ಅದಕ್ಕಿಂತಲೂ ಕಠಿಣವಾದದ್ದೇನಂದರೆ, ರಾತ್ರಿಯಲ್ಲಿ ನಮ್ಮ ಹೃದಯವೇ ನಮ್ಮನ್ನು ಪ್ರಶ್ನಿಸುವದು. ದೀಕ್ಷಾಸ್ನಾನ ಹೊಂದಿದೆವು, ಪ್ರಾರ್ಥಿಸಿದೆವು, ಆದಿತ್ಯವಾರ ತಪ್ಪದೆ ಸಭೆಗೆ ಕೂಡಿಬಂದೆವು; ಆದರೂ ಮಗುವಿನ ಜ್ವರ ಬಿಡಲಿಲ್ಲ, ಸಾಲ ತೀರಲಿಲ್ಲ, ಮಳೆ ಬರಲಿಲ್ಲ. ಹಾಗಾದರೆ ದೇವರು ಎಲ್ಲಿ ಇದ್ದಾನೆ?

ನಮ್ಮ ಕನ್ನಡ ಸತ್ಯವೇದದಲ್ಲಿ ಶೋಧನೆ ಎಂಬ ಒಂದೇ ಮಾತು ಎರಡು ಅರ್ಥಗಳಲ್ಲಿ ಬರುವದನ್ನು ಓದುವವರು ಬಲ್ಲರು. ಅಕ್ಕಸಾಲಿಗನು ಚಿನ್ನವನ್ನು ಬೆಂಕಿಗೆ ಹಾಕಿ ಪರೀಕ್ಷಿಸುವ ಹಾಗೆ ನಂಬಿಕೆಯು ಕಷ್ಟದಲ್ಲಿ ಪರೀಕ್ಷಿಸಲ್ಪಡುವದು ಒಂದು ಶೋಧನೆ. ಮನುಷ್ಯನನ್ನು ಪಾಪದ ಕಡೆಗೆ ಎಳೆಯುವದು ಮತ್ತೊಂದು ಶೋಧನೆ. ದೇವರು ಯಾರನ್ನೂ ಕೆಟ್ಟದ್ದಕ್ಕೆ ಎಳೆಯುವವನಲ್ಲವೆಂದು ಯಾಕೋಬನ ಪತ್ರಿಕೆಯು ನಮಗೆ ಕಲಿಸುತ್ತದೆ. ಆದರೆ ಬಾಳಿನಲ್ಲಿ ಇವೆರಡೂ ಜೊತೆಯಾಗಿಯೇ ಬರುವವು. ಬರವು ಬಂದಾಗ ಹಸಿವೂ ಬರುವದು, ಹಸಿವಿನ ಬೆನ್ನಿಗೆ ಒಂದು ಪಿಸುಮಾತೂ ಬರುವದು. ಹಸಿವು ಪಾಪವಲ್ಲ; ಆ ಪಿಸುಮಾತಿಗೆ ನಾವು ಏನು ಉತ್ತರ ಕೊಡುವೆವೆಂಬದರಲ್ಲಿಯೇ ಎಲ್ಲಾ ಅಡಗಿರುವದು.

ನಮ್ಮ ಕರ್ತನು ಸಹ ಅಡವಿಯಲ್ಲಿ ನಲವತ್ತು ದಿವಸ ಹಸಿದಿದ್ದಾಗ ಮೂರು ವಿಧವಾಗಿ ಶೋಧಿಸಲ್ಪಟ್ಟನು. ಮೊದಲನೆಯದು ರೊಟ್ಟಿಯ ವಿಷಯ. ಎರಡನೆಯದು ದೇವಾಲಯದ ಶಿಖರದಿಂದ ಕೆಳಕ್ಕೆ ಧುಮುಕುವ ವಿಷಯ. ಮೂರನೆಯದು ಒಂದು ಸಾರಿ ಅಡ್ಡಬಿದ್ದರೆ ಲೋಕದ ರಾಜ್ಯಗಳನ್ನೆಲ್ಲಾ ಪಡೆಯಬಹುದೆಂಬ ವಿಷಯ. ಈ ಮೂರು ಶೋಧನೆಗಳೂ ನಮ್ಮ ದೇಶದ ಒಬ್ಬ ಹೆಣ್ಣುಮಗಳ ಜೀವಿತದಲ್ಲಿ ಒಂದರ ಹಿಂದೆ ಒಂದಾಗಿ ಬಂದವು. ಅವರೇ ಪಂಡಿತೆ ರಮಾಬಾಯಿಯವರು. ಅವರ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದ್ದಾರೆ. ಅವರು ಹಾದುಬಂದ ದಾರಿಯನ್ನು ಬಲ್ಲವರು ಕಡಿಮೆ. ಆದದರಿಂದ ಈ ತಿಂಗಳು ಅವರ ಚರಿತ್ರೆಯನ್ನು ಸಂಕ್ಷೇಪವಾಗಿ ಬರೆಯುತ್ತೇವೆ.

1. ಹೊಳೆಯ ಮೂಲದಲ್ಲಿ ಹುಟ್ಟಿದ ಕೂಸು

ತುಂಗಭದ್ರೆಯ ನೀರು ಕುಡಿದು ಬೆಳೆದವರು ನಾವು. ಈ ಹೊಳೆಯ ತುಂಗೆ, ಭದ್ರೆ ಎಂಬ ಎರಡು ಕವಲುಗಳೂ ಸಹ್ಯಾದ್ರಿಯ ಗಂಗಾಮೂಲವೆಂಬ ಸ್ಥಳದಲ್ಲಿ ಹುಟ್ಟುವವು. ಅದೇ ಗಂಗಾಮೂಲದ ಕಾಡಿನಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ರಮಾಬಾಯಿಯವರು ಹುಟ್ಟಿದರು. ಅವರ ತಂದೆಯವರಾದ ಅನಂತಶಾಸ್ತ್ರಿ ಡೋಂಗ್ರೆಯವರು ಕನ್ನಡ ಜಿಲ್ಲೆಯ ಘಟ್ಟದ ಬುಡದಲ್ಲಿ ನೆಲಸಿದ್ದ ಮರಾಠಿ ಮಾತಿನ ಬ್ರಾಹ್ಮಣ ಮನೆತನದವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಗಸರಿಗೆ ಸಂಸ್ಕೃತವನ್ನು ಕಲಿಸಬಾರದೆಂದು ಎಲ್ಲರೂ ಎಣಿಸುತ್ತಿದ್ದ ಆ ಕಾಲದಲ್ಲಿ ಅವರು ತಮ್ಮ ಹೆಂಡತಿಯಾದ ಲಕ್ಷ್ಮೀಬಾಯಿಯವರಿಗೆ ಅದನ್ನು ಕಲಿಸಿದರು. ಜಾತಿಯವರ ವಿರೋಧವನ್ನು ತಾಳಿಕೊಂಡು, ಕಾಡಿನಲ್ಲಿ ಮನೆಮಾಡಿಕೊಂಡು, ಬಂದ ಶಿಷ್ಯರಿಗೆ ಅನ್ನವಿಟ್ಟು ವಿದ್ಯೆ ಹೇಳುತ್ತಿದ್ದರು.

ಹೀಗೆ ಧಾರಾಳವಾಗಿ ಖರ್ಚುಮಾಡಿ ಕೈ ಬರಿದಾದ ಮೇಲೆ ಶಾಸ್ತ್ರಿಗಳು ಕುಟುಂಬವನ್ನು ಕಟ್ಟಿಕೊಂಡು ತೀರ್ಥಯಾತ್ರೆಗೆ ಹೊರಟರು. ಆಗ ರಮಾಬಾಯಿಯವರು ಆರು ತಿಂಗಳಿನ ಕೂಸು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿ, ಕೂಸನ್ನು ಘಟ್ಟ ಇಳಿಸಿದರು. ಅಂದಿನಿಂದ ಆ ಕುಟುಂಬಕ್ಕೆ ಸ್ಥಿರವಾದ ಮನೆಯೆಂಬದು ಇರಲಿಲ್ಲ. ಊರಿಂದ ಊರಿಗೆ, ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು, ಗುಡಿಗಳಲ್ಲಿ ಪುರಾಣ ಓದಿ, ಜನರು ಕೊಟ್ಟದ್ದರಿಂದ ಜೀವಿಸುತ್ತಿದ್ದರು. ದಾರಿಯಲ್ಲಿಯೇ ತಾಯಿಯು ಮಗಳಿಗೆ ಸಂಸ್ಕೃತವನ್ನು ಬಾಯಿಪಾಠವಾಗಿ ಕಲಿಸಿದರು. ಹದಿನಾರು ವರುಷ ತುಂಬುವದರೊಳಗೆ ರಮಾಬಾಯಿಯವರಿಗೆ ಭಾಗವತದ ಸಾವಿರಾರು ಶ್ಲೋಕಗಳು ಕಂಠಪಾಠವಾಗಿದ್ದವು.

2. ರೊಟ್ಟಿಯ ಶೋಧನೆ

1874ರ ಸುಮಾರಿಗೆ ಮದ್ರಾಸ್ ಅಧಿಪತ್ಯದ ಸೀಮೆಗಳಲ್ಲಿ ಬರವು ತಲೆದೋರಿತು. ಮುಂದೆ 1876ರಿಂದ 1878ರ ವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ, ದಕ್ಷಿಣ ದೇಶವನ್ನೆಲ್ಲಾ ಬಡಿದ ಮಹಾ ಬರದಲ್ಲಿ ಅತಿ ಹೆಚ್ಚಾಗಿ ನೊಂದ ಸೀಮೆಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳೆಲ್ಲಾ ಆಗ ಆ ಜಿಲ್ಲೆಗೇ ಸೇರಿದ್ದವು. ಶಾಸ್ತ್ರಿಗಳ ಕುಟುಂಬಕ್ಕೆ ಅದಕ್ಕೂ ಮೊದಲೇ ಕೇಡುಗಾಲ ಬಂದಿತ್ತು. ತಂದೆಯವರು ಮುದುಕರಾಗಿ ಕಣ್ಣು ಕಳಕೊಂಡಿದ್ದರು. ದೇವರುಗಳು ಪ್ರಸನ್ನರಾಗುವರೆಂದು ನಂಬಿ, ಇದ್ದ ಹಣವನ್ನೆಲ್ಲಾ ದಾನಧರ್ಮಗಳಿಗೂ ವ್ರತಗಳಿಗೂ ವೆಚ್ಚಮಾಡಿದರು. ಹಣ ಮುಗಿದ ಮೇಲೆ ಒಡವೆಗಳನ್ನು ಮಾರಿದರು. ತರುವಾಯ ಒಳ್ಳೇ ಬಟ್ಟೆಗಳನ್ನು, ಕಡೆಗೆ ತಾಮ್ರದ ಪಾತ್ರೆಗಳನ್ನೂ ಮಾರಿದರು. ಕೂಲಿಗೆ ಹೋಗುವದಕ್ಕೆ ಅವರಿಗೆ ಗೊತ್ತಿರಲಿಲ್ಲ. ಜಾತಿಯ ಹೆಮ್ಮೆಯೂ ಅಡ್ಡಬಂದಿತು. ಭಿಕ್ಷೆ ಬೇಡುವದಕ್ಕೆ ನಾಚಿಕೆ ಬಿಡಲಿಲ್ಲ.

ಕಡೇ ಹಿಡಿ ಅಕ್ಕಿಯೂ ತೀರಿದ ಮೇಲೆ ಅವರು ಕಾಡನ್ನು ಹೊಕ್ಕರು. ಹನ್ನೊಂದು ದಿವಸ ಹನ್ನೊಂದು ರಾತ್ರಿ ನೀರು, ಎಲೆ, ಒಂದು ಹಿಡಿ ಕಾಡು ಈಚಲಹಣ್ಣು, ಇವೇ ಅವರಿಗೆ ಆಹಾರ. ಎಷ್ಟು ಭಕ್ತಿಯಿಂದ ನಡೆದರೂ ಯಾವ ದೇವರೂ ಉತ್ತರ ಕೊಡಲಿಲ್ಲವೆಂಬ ನೋವು ಹೊಟ್ಟೆಯ ಹಸಿವಿಗಿಂತ ಆಳವಾಗಿ ಮಗಳ ಮನಸ್ಸನ್ನು ತಿಂದಿತು.

ಪ್ರಿಯರೇ, ರೊಟ್ಟಿ ಬೇಕೆಂಬುವದು ಶೋಧನೆಯಲ್ಲ. ಕರ್ತನೇ ನಮಗೆ ಅನುದಿನದ ಆಹಾರವನ್ನು ಬೇಡಿಕೊಳ್ಳಲು ಕಲಿಸಿದ್ದಾನೆ. ರೊಟ್ಟಿ ಸಿಕ್ಕಿದರೆ ಮಾತ್ರ ದೇವರಿದ್ದಾನೆ, ಸಿಕ್ಕದಿದ್ದರೆ ಇಲ್ಲ ಎಂದು ಹೃದಯವು ತೂಕಹಾಕುವದೇ ಶೋಧನೆ. ದೇವರನ್ನು ವ್ಯಾಪಾರಸ್ಥನಂತೆ ಎಣಿಸಿ, ಇಷ್ಟು ಹರಕೆಗೆ ಇಷ್ಟು ಮಳೆ ಎಂದು ಲೆಕ್ಕಮಾಡುವ ಅಭ್ಯಾಸವು ಕ್ರೈಸ್ತರ ಮನೆಗಳಲ್ಲಿಯೂ ಇಲ್ಲವೆಂದು ನಾವು ಹೇಳಲಾರೆವು.

3. ಕೆಳಕ್ಕೆ ಧುಮುಕುವ ಶೋಧನೆ

ಹಸಿವಿನ ಕಡೆಯಲ್ಲಿ ಎರಡನೆಯ ಪಿಸುಮಾತು ಬಂದಿತು. ಇನ್ನು ಬದುಕಲಾಗದೆಂದು ಕಂಡ ಶಾಸ್ತ್ರಿಗಳು ಒಂದು ಪವಿತ್ರ ಕೆರೆಯಲ್ಲಿ ದೇಹವನ್ನು ಬಿಡಬೇಕೆಂದು ನಿಶ್ಚಯಿಸಿದರು. ಇದನ್ನು ಪುಣ್ಯವೆಂದೇ ಅವರು ಎಣಿಸಿದ್ದರು. ಕಣ್ಣಿಲ್ಲದ ತಂದೆಯು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಅಪ್ಪಿಕೊಂಡು ಕಡೇ ಬುದ್ಧಿಯನ್ನು ಹೇಳಿದರು. ಎಲ್ಲರಿಗೂ ಚಿಕ್ಕವಳಾದ ಮಗಳನ್ನು ಎದೆಗೊತ್ತಿಕೊಂಡು, ಮಾನದಿಂದ ಬದುಕಬೇಕೆಂದೂ ಆಯುಷ್ಯವೆಲ್ಲಾ ದೇವರನ್ನು ಸೇವಿಸಬೇಕೆಂದೂ ಹೇಳಿದರು. ಆ ಸ್ಪರ್ಶವನ್ನು ಮಗಳು ಸಾಯುವ ತನಕ ಮರೆಯಲಿಲ್ಲ.

ಆಗ ಅಣ್ಣನಾದ ಶ್ರೀನಿವಾಸನು ಮುಂದೆ ಬಂದನು. ಇನ್ನು ಮೇಲೆ ಜಾತಿಯ ಹೆಮ್ಮೆಯನ್ನು ಬಿಟ್ಟು ಕೂಲಿಮಾಡಿ ಎಲ್ಲರನ್ನೂ ಸಾಕುವೆನೆಂದು ಮಾತುಕೊಟ್ಟನು. ಈ ಒಂದು ಮಾತು ಅವರೆಲ್ಲರನ್ನೂ ಕೆರೆಯ ದಡದಿಂದ ಹಿಂದಕ್ಕೆ ತಿರುಗಿಸಿತು. ನಾವು ಇದನ್ನು ಗಮನಿಸೋಣ. ಆ ದಿವಸ ಆಕಾಶದಿಂದ ಯಾವ ಅದ್ಭುತವೂ ಇಳಿಯಲಿಲ್ಲ, ಹಸಿವೂ ತಪ್ಪಲಿಲ್ಲ. ಒಬ್ಬ ಯೌವನಸ್ಥನು ತನ್ನ ಹೆಮ್ಮೆಯನ್ನು ಬಿಟ್ಟು ಮರುದಿವಸದ ಕೆಲಸವನ್ನು ನೆನಸಿಕೊಂಡನು, ಅಷ್ಟೇ. ಸಾವಿನ ಶೋಧನೆಯು ಅಲ್ಲಿಯೇ ಸೋತಿತು. ಸಾಲದಿಂದಲೋ ಬೆಳೆಹಾನಿಯಿಂದಲೋ ಮನಸ್ಸು ಕುಂದಿ, ಸತ್ತರೆ ಸಾಕೆನ್ನುವ ಸಹೋದರರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಅಂಥವರಿಗೆ ದೊಡ್ಡ ಪ್ರಸಂಗ ಬೇಡ. ನಾಳೆಯ ಕೆಲಸಕ್ಕೆ ನಾನೂ ಕೈಗೂಡಿಸುವೆನೆಂದು ಹತ್ತಿರ ಕೂತುಕೊಳ್ಳುವ ಒಬ್ಬ ಮನುಷ್ಯನು ಬೇಕು.

ಆದರೂ ಹಸಿವಿನ ಪೆಟ್ಟು ಆಳವಾಗಿತ್ತು. ಸ್ವಲ್ಪ ದಿವಸದಲ್ಲಿಯೇ ತಂದೆಯವರು ತೀರಿಕೊಂಡರು. ಬೇಗನೆ ತಾಯಿಯೂ ಹೋದರು. ತಾಯಿಯ ಶವವನ್ನು ಹೊರುವದಕ್ಕೆ ಸಾಕಷ್ಟು ಜನ ಸಿಕ್ಕದೆ ಮಗಳೇ ಹೆಗಲು ಕೊಡಬೇಕಾಯಿತು. ಆಕೆ ಕುಳ್ಳಾಗಿದ್ದದರಿಂದ ಚಟ್ಟವನ್ನು ತಲೆಯ ಮೇಲೆ ಹೊತ್ತಳು. ತರುವಾಯ ಅಕ್ಕನೂ ಸತ್ತಳು. ಅಣ್ಣ ತಂಗಿಯರಿಬ್ಬರೇ ಉಳಿದರು.

4. ಬರಿದಾದ ಹೃದಯ

ಈ ಇಬ್ಬರು ಉತ್ತರ ದೇಶದ ಕಡೆಗೆ ಕಾಲುನಡೆಯಾಗಿ ಹೊರಟು ಪಂಜಾಬು ಕಾಶ್ಮೀರಗಳ ತನಕ ತಿರುಗಿದರು. ಝೀಲಮ್ ನದಿಯ ದಡದಲ್ಲಿ ಚಳಿ ತಾಳಲಾರದೆ, ಮರಳಿನಲ್ಲಿ ಗೋರಿಯಂತೆ ಎರಡು ಗುಂಡಿಗಳನ್ನು ತೋಡಿ, ತಲೆ ಮಾತ್ರ ಹೊರಗೆ ಬಿಟ್ಟು, ಮೈಮೇಲೆ ಮರಳನ್ನು ಎಳಕೊಂಡು ರಾತ್ರಿಯನ್ನು ಕಳೆದದ್ದುಂಟು. 1878ರಲ್ಲಿ ಅವರು ಕಲ್ಕತ್ತೆಗೆ ಬಂದರು. ಅಲ್ಲಿಯ ಪಂಡಿತರು ಇಪ್ಪತ್ತು ವರುಷದ ಈ ಹುಡುಗಿಯ ಸಂಸ್ಕೃತ ಜ್ಞಾನವನ್ನು ಪರೀಕ್ಷಿಸಿ ಬೆರಗಾಗಿ, ಪಂಡಿತೆ ಎಂದೂ ಸರಸ್ವತಿ ಎಂದೂ ಬಿರುದುಗಳನ್ನು ಕೊಟ್ಟರು. ನಿನ್ನೆ ಹಿಡಿ ಅನ್ನವಿಲ್ಲದವಳ ಹೆಸರು ಇಂದು ದೇಶವೆಲ್ಲಾ ಹಬ್ಬಿತು.

ಆದರೆ ಹೃದಯವು ಬರಿದಾಗಿಯೇ ಇತ್ತು. ಹಳೇ ನಂಬಿಕೆ ಹೋಗಿತ್ತು, ಹೊಸದು ಬಂದಿರಲಿಲ್ಲ. 1880ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರುಷದಲ್ಲಿ ಅವರು ಬಿಪಿನ್ ಬಿಹಾರಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. ವರನು ಬೇರೆ ಜಾತಿಯವನಾದದರಿಂದ ಇಬ್ಬರೂ ತಮ್ಮ ತಮ್ಮವರಿಂದ ದೂರವಾದರು. 1881ರಲ್ಲಿ ಮನೋರಮಾ ಎಂಬ ಮಗಳು ಹುಟ್ಟಿದಳು. ಮದುವೆಯಾಗಿ ಹತ್ತೊಂಬತ್ತು ತಿಂಗಳಿಗೆ, 1882ರ ಫೆಬ್ರುವರಿಯಲ್ಲಿ, ವಾಂತಿಭೇದಿಯ ರೋಗದಿಂದ ಗಂಡನು ಸತ್ತನು. ಗಂಡನ ಮರಣಕ್ಕೆ ಹೆಂಡತಿಯ ಪಾಪವೇ ಕಾರಣವೆಂದು ಲೋಕವು ತೀರ್ಪುಕೊಡುತ್ತಿದ್ದ ಕಾಲವದು. ಇಪ್ಪತ್ತನಾಲ್ಕು ವರುಷ ತುಂಬುವ ಮೊದಲೇ ಈಕೆ ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳಕೊಂಡು ಹಸುಗೂಸನ್ನು ಎತ್ತಿಕೊಂಡು ಒಂಟಿಯಾಗಿ ನಿಂತರು.

ಕಷ್ಟವು ಪಾಪದ ಸಂಬಳವೆಂದು ಹೇಳಿ ನೊಂದವರನ್ನು ಮತ್ತಷ್ಟು ನೋಯಿಸುವದು ಯೋಬನ ಸ್ನೇಹಿತರ ಕಾಲದಿಂದಲೂ ಉಂಟು. ನಮ್ಮ ಸಭೆಗಳಲ್ಲಿ ವಿಧವೆಯನ್ನೋ ಮಗುವನ್ನು ಕಳಕೊಂಡವಳನ್ನೋ ಕಂಡು ಯಾರಾದರೂ ಹೀಗೆ ಮಾತಾಡಿದರೆ, ಅವರು ಶೋಧಕನ ಕೆಲಸವನ್ನು ತಿಳಿಯದೆ ಮಾಡುತ್ತಾರೆ.

5. ಬೆಳಕು ಬಂದದ್ದು

ಗಂಡನೊಡನೆ ಅಸ್ಸಾಮಿನ ಸಿಲ್ಚಾರಿನಲ್ಲಿದ್ದಾಗ ರಮಾಬಾಯಿಯವರಿಗೆ ಮನೆಯ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಚಿಕ್ಕ ಪ್ರತಿಯೊಂದು ಸಿಕ್ಕಿತ್ತು. ಆ ಬೀಜವು ಮೌನವಾಗಿ ಒಳಗೆ ಬಿದ್ದಿತ್ತು. ಗಂಡನು ತೀರಿದ ಮೇಲೆ ಪುಣೆಗೆ ಬಂದು, ಹೆಂಗಸರ ವಿದ್ಯೆಗಾಗಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. 1883ರಲ್ಲಿ ವೈದ್ಯವನ್ನು ಕಲಿಯಬೇಕೆಂದು ಇಂಗ್ಲೆಂಡಿಗೆ ಹೋದರು. ಆದರೆ ಕಿವಿ ಸರಿಯಾಗಿ ಕೇಳಿಸದೆ ಇದ್ದದರಿಂದ ಆ ಆಶೆ ಮುರಿದುಬಿತ್ತು. ಸಂಗಡ ಬಂದಿದ್ದ ಗೆಳತಿಯೊಬ್ಬಳು ಮನಸ್ಸು ಕಲಕಿ ಆ ಪರದೇಶದಲ್ಲಿಯೇ ದುಃಖಕರವಾಗಿ ಮೃತಳಾದಳು.

ಅಲ್ಲಿ ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರ ಆಶ್ರಯದಲ್ಲಿದ್ದಾಗ, ಅವರು ಲಂಡನ್ನಿನಲ್ಲಿ ದಾರಿತಪ್ಪಿದ ಹೆಂಗಸರಿಗಾಗಿ ನಡಿಸುತ್ತಿದ್ದ ಮನೆಯನ್ನು ರಮಾಬಾಯಿಯವರು ಕಂಡರು. ಲೋಕವು ಉಗುಳಿ ಹೊರಗೆ ಹಾಕಿದವರನ್ನು ಕೈಹಿಡಿದೆತ್ತುವದನ್ನು ಅವರು ಹಿಂದೆ ಎಲ್ಲಿಯೂ ಕಂಡಿರಲಿಲ್ಲ. ಇದಕ್ಕೆ ಕಾರಣವೇನೆಂದು ಕೇಳಿದಾಗ, ಬಾವಿಯ ಬಳಿಯಲ್ಲಿ ಕರ್ತನು ಸಮಾರ್ಯದ ಸ್ತ್ರೀಯೊಡನೆ ಮಾತಾಡಿದ ಸಂಗತಿಯನ್ನು ಅವರಿಗೆ ಓದಿ ತೋರಿಸಿದರು. ಹೆಂಗಸನ್ನು ಎತ್ತಬಲ್ಲ ರಕ್ಷಕನು ಈತನೇ ಎಂದು ಅವರು ಮನಗಂಡು, 1883ನೆಯ ಇಸವಿ ಸೆಪ್ಟೆಂಬರ್ 29ರಂದು ಮಗಳ ಸಂಗಡ ದೀಕ್ಷಾಸ್ನಾನ ಹೊಂದಿದರು.

ದೀಕ್ಷಾಸ್ನಾನದಿಂದ ಶೋಧನೆಗಳು ತೀರಿದವೆಂದು ಯಾರೂ ಎಣಿಸಬಾರದು. ಉಪಕಾರ ಮಾಡಿದವರು ತಾವು ಹೇಳಿದ್ದನ್ನೆಲ್ಲಾ ಈಕೆ ವಿಚಾರಿಸದೆ ಒಪ್ಪಬೇಕೆಂದು ಅಪೇಕ್ಷಿಸಿದಾಗ, ಅನ್ನದ ಋಣಕ್ಕಾಗಿ ಮನಸ್ಸಾಕ್ಷಿಯನ್ನು ಒತ್ತೆಯಿಡುವ ಶೋಧನೆ ಬಂದಿತು. ರಮಾಬಾಯಿಯವರು ಅವರನ್ನು ತಾಯಂದಿರಂತೆ ಪ್ರೀತಿಸಿದರು, ಆದರೆ ದೇವರ ವಾಕ್ಯದಲ್ಲಿ ಕಾಣದಿದ್ದದ್ದನ್ನು ಒಪ್ಪಲಿಲ್ಲ. ಕ್ರೈಸ್ತರಾದ ಮೇಲೆಯೂ ಬಿಳೀ ಸೀರೆಯನ್ನು ಉಟ್ಟು, ಸಸ್ಯಾಹಾರವನ್ನೇ ಉಂಡು, ತಮ್ಮ ದೇಶದ ಮಗಳಾಗಿಯೇ ಉಳಿದರು.

ಇನ್ನೊಂದು ಸಂಗತಿಯನ್ನು ಅವರೇ ಮರೆಮಾಡದೆ ಹೇಳಿದ್ದಾರೆ. ದೀಕ್ಷಾಸ್ನಾನವಾಗಿ ಸುಮಾರು ಎಂಟು ವರುಷಗಳಾದ ಮೇಲೆ, 1891ರ ಹೊತ್ತಿಗೆ, ತಮಗೆ ಕ್ರೈಸ್ತಮತವು ದೊರೆತಿದೆಯೇ ಹೊರತು ಕ್ರಿಸ್ತನು ಇನ್ನೂ ದೊರೆತಿಲ್ಲವೆಂದು ಅವರು ಕಂಡುಕೊಂಡರು. ಅಷ್ಟು ದೊಡ್ಡ ಪಂಡಿತೆಯು ಏನೂ ಅರಿಯದ ಪಾಪಿಯಂತೆ ಕರ್ತನ ಪಾದಕ್ಕೆ ಬಿದ್ದು ಸಮಾಧಾನವನ್ನು ಹೊಂದಿದರು. ಮುಂದೆ ಬಂದ ಗಾಳಿಯನ್ನು ಅವರು ತಡೆದದ್ದು ಈ ಬೇರಿನಿಂದಲೇ.

6. ಸ್ವಲ್ಪ ಬಾಗಿದರೆ ಸಾಕೆಂಬ ಶೋಧನೆ

1886ರಲ್ಲಿ ರಮಾಬಾಯಿಯವರು ಅಮೇರಿಕಕ್ಕೆ ಹೋಗಿ, ಮೇಲ್ಜಾತಿಯ ಹಿಂದೂ ಹೆಂಗಸರ ಅವಸ್ಥೆಯನ್ನು ಕುರಿತು 1887ರಲ್ಲಿ ಒಂದು ಇಂಗ್ಲಿಷ್ ಪುಸ್ತಕವನ್ನು ಬರೆದು ಪ್ರಕಟಿಸಿದರು. ಬೋಸ್ಟನ್ ಪಟ್ಟಣದ ದಯಾವಂತರು ಒಂದು ಸಂಘವನ್ನು ಕಟ್ಟಿ ಹತ್ತು ವರುಷಗಳ ಸಹಾಯವನ್ನು ಒಪ್ಪಿಕೊಂಡರು. 1889ನೆಯ ಇಸವಿ ಮಾರ್ಚ್ 11ರಂದು ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವು ತೆರೆಯಿತು. ಮರುವರುಷ ಅದು ಪುಣೆಗೆ ಸಾಗಿತು. ಯಾರ ಮತಕ್ಕೂ ಕೈಹಾಕುವದಿಲ್ಲವೆಂಬ ಒಪ್ಪಂದದ ಮೇಲೆ ಪುಣೆಯ ದೊಡ್ಡ ಮನುಷ್ಯರು ಸಹ ಬೆಂಬಲಕ್ಕೆ ನಿಂತರು.

ರಮಾಬಾಯಿಯವರು ಯಾವ ಹುಡುಗಿಯನ್ನೂ ಬಲವಂತಪಡಿಸಲಿಲ್ಲ. ಅವರವರ ಪೂಜೆ ಅಡಿಗೆಗಳಿಗೆ ಅಡ್ಡಿಯಿರಲಿಲ್ಲ. ಆದರೆ ತಮ್ಮ ಸ್ವಂತ ಕೋಣೆಯಲ್ಲಿ ಮಗಳೊಡನೆ ಸತ್ಯವೇದ ಓದಿ ಪ್ರಾರ್ಥಿಸುವಾಗ ಬಾಗಲನ್ನು ಮುಚ್ಚಿಕೊಳ್ಳುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿಯೇ ಬಂದು ಕೂತುಕೊಂಡರು. ಇದು ತಿಳಿದಾಗ ಪುಣೆಯಲ್ಲಿ ದೊಡ್ಡ ಗದ್ದಲವೆದ್ದಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದವರು ಸಲಹಾ ಮಂಡಲಿಯನ್ನು ಬಿಟ್ಟರು. ಪೋಷಕರು ಅನೇಕ ಹುಡುಗಿಯರನ್ನು ಹಿಂದಕ್ಕೆ ಕರಕೊಂಡುಹೋದರು. ಪತ್ರಿಕೆಗಳು ಕಟುವಾಗಿ ಬರೆದವು. ಆ ಮಹನೀಯರನ್ನು ನಾವು ದೂಷಿಸುವದಿಲ್ಲ. ಒಪ್ಪಂದವು ಮುರಿಯಿತೆಂಬ ಭಯ ಅವರಿಗಿತ್ತು.

ರಮಾಬಾಯಿಯವರ ಮುಂದೆ ಇದ್ದದ್ದು ಕರ್ತನ ಮೂರನೆಯ ಶೋಧನೆಯೇ. ಬಾಗಲನ್ನು ಸ್ವಲ್ಪ ಮುಚ್ಚಿದರೆ ಸಾಕಾಗಿತ್ತು; ಹಣ, ಗೌರವ, ಸ್ನೇಹ ಎಲ್ಲವೂ ಉಳಿಯುತ್ತಿದ್ದವು. ವಿಧವೆಯರ ಹಿತಕ್ಕಾಗಿಯೇ ಹೀಗೆ ಮಾಡು ಎಂದು ಪಿಸುಮಾತು ಹೇಳಿರಬಹುದು. ಅತಿ ಅಪಾಯವಾದ ಶೋಧನೆಯು ಒಳ್ಳೇ ಕೆಲಸದ ವೇಷವನ್ನೇ ಹಾಕಿಕೊಂಡು ಬರುವದು. ಅವರು ಯಾರನ್ನೂ ಒಳಕ್ಕೆ ಎಳೆಯಲಿಲ್ಲ, ಬಾಗಲನ್ನೂ ಮುಚ್ಚಲಿಲ್ಲ. ಸದನವು ಬಡವಾಯಿತು, ಆದರೆ ನಿಂತಿತು.

ನಮಗೂ ಈ ಶೋಧನೆ ತಿಳಿಯದ್ದಲ್ಲ. ಮಗಳ ಮದುವೆಯ ಸಮಯದಲ್ಲಿ, ಕಚೇರಿಯಲ್ಲಿ ಹೆಸರು ಬರೆಸುವ ಸಮಯದಲ್ಲಿ, ಊರ ಜಾತ್ರೆಗೆ ಪಟ್ಟಿ ಎತ್ತುವ ಸಮಯದಲ್ಲಿ, ಸ್ವಲ್ಪ ಬಾಗಿದರೆ ಎಲ್ಲಾ ಸುಗಮವೆಂದು ತೋರುವದು. ನೆರೆಯವರೊಡನೆ ಜಗಳವಾಡುವದು ಧೈರ್ಯವಲ್ಲ. ಅವರನ್ನು ಮರ್ಯಾದೆಯಿಂದ ಕಂಡು, ನಮ್ಮ ಬಾಗಲನ್ನು ಮಾತ್ರ ತೆರೆದಿಟ್ಟುಕೊಳ್ಳುವದೇ ಧೈರ್ಯ.

7. ಹಸಿದವಳು ಹಸಿದವರನ್ನು ಕಂಡದ್ದು

1896ರಲ್ಲಿ ಮಧ್ಯಪ್ರಾಂತ್ಯಗಳಲ್ಲಿ ಘೋರವಾದ ಬರವು ಬಿದ್ದಿತು. ಆ ಸುದ್ದಿ ಕೇಳಿದಾಗ ರಮಾಬಾಯಿಯವರಿಗೆ ಕಾಡಿನಲ್ಲಿ ಎಲೆ ತಿಂದ ಹನ್ನೊಂದು ದಿವಸಗಳು ನೆನಪಿಗೆ ಬಂದವು. ಕೈಯಲ್ಲಿ ಹಣವಿಲ್ಲದಿದ್ದರೂ ಅಲ್ಲಿಗೆ ಹೋದರು. ಹಸಿದ ಹುಡುಗಿಯರನ್ನು ದುಷ್ಟರು ಹೊಂಚಿ ಕಾಯುತ್ತಿರುವದನ್ನು ಕಂಡು, ಮುನ್ನೂರರಷ್ಟು ಹೆಂಗಸರನ್ನೂ ಹೆಣ್ಣುಮಕ್ಕಳನ್ನೂ ಬಿಡಿಸಿ ತಂದರು. ಪುಣೆಯಲ್ಲಿ ಪ್ಲೇಗಿನ ಕಟ್ಟಳೆಗಳಿಂದ ಅವರಿಗೆ ಸ್ಥಳ ಸಿಕ್ಕಲಿಲ್ಲ. ಆಗ ಕೇಡಗಾಂವ್ ಎಂಬ ಹಳ್ಳಿಯ ಬಳಿ ತಾವು ಕೊಂಡಿದ್ದ ಹೊಲದಲ್ಲಿ ಅವರನ್ನು ಇಳಿಸಿದರು. ಅದಕ್ಕೆ ಮುಕ್ತಿ ಎಂದು ಹೆಸರಾಯಿತು.

ಕೆಲವರು ಬಹಳ ಸೊರಗಿದ್ದದರಿಂದ ಎಷ್ಟು ಆರೈಕೆ ಮಾಡಿದರೂ ಉಳಿಯಲಿಲ್ಲ. ಉಳಿದವರು ಓದಿದರು, ನೆಯ್ದರು, ಎಣ್ಣೆ ತೆಗೆದರು, ಹೈನು ನೋಡಿದರು, ಹೊಲ ಮಾಡಿದರು, ಅಚ್ಚಿನ ಮೊಳೆ ಜೋಡಿಸಿದರು. ಗುಜರಾತಿನ ಬರವು ಬಂದಾಗ ಅಲ್ಲಿಂದಲೂ ನೂರಾರು ಜನ ಬಂದು, 1900ರ ಹೊತ್ತಿಗೆ ಮುಕ್ತಿಯಲ್ಲಿ ಸುಮಾರು ಎರಡು ಸಾವಿರ ಮಂದಿ ಉಣ್ಣುವವರಾದರು. ಕುರುಡರಿಗೂ, ಮುದುಕಿಯರಿಗೂ, ಲೋಕವು ಹಾಳುಮಾಡಿ ಬಿಟ್ಟ ಹೆಂಗಸರಿಗೂ ಬೇರೆ ಬೇರೆ ಮನೆಗಳಾದವು. ಅಣ್ಣನು ಹೆಮ್ಮೆ ಬಿಟ್ಟು ಕೂಲಿಗೆ ಹೊರಟ ದಿನದಿಂದ ತಂಗಿಯು ಕೈಕೆಲಸದ ಬೆಲೆಯನ್ನು ಕಲಿತಿದ್ದರು. ಮುಕ್ತಿಯಲ್ಲಿ ಕೆಲಸ ಕಲಿಯದವರು ಯಾರೂ ಇರಬಾರದೆಂದು ಅವರು ನೋಡಿಕೊಂಡರು.

ಪ್ರಿಯರೇ, 1874ರ ಹಸಿವು ಏತಕ್ಕೆ ಬಂತೆಂದು ನಾವು ಹೇಳಲಾರೆವು. ಆ ತಂದೆತಾಯಿಗಳ ಮರಣವು ಒಳ್ಳೇದಾಗಿತ್ತೆಂದೂ ಹೇಳಲಾರೆವು. ಆದರೆ ಆ ಹಸಿವನ್ನು ಮರೆಯದ ಒಬ್ಬಳಿಂದ ಸಾವಿರಾರು ಮಂದಿಗೆ ಅನ್ನ ಸಿಕ್ಕಿತೆಂಬದನ್ನು ಹೇಳಬಲ್ಲೆವು. ಶೋಧಕನು ಆಕೆಯನ್ನು ಕೊಲ್ಲಲು ಹಿಡಿದ ಆಯುಧವನ್ನೇ ದೇವರು ಉಳುವ ನೇಗಿಲಾಗಿ ಮಾಡಿದನು.

8. ಕಡೇ ಶೋಧನೆ

ಅಡವಿಯಲ್ಲಿ ಸೋತ ಶೋಧಕನು ಸ್ವಲ್ಪಕಾಲ ಮಾತ್ರ ಕರ್ತನನ್ನು ಬಿಟ್ಟುಹೋದನೆಂದು ಲೂಕನು ತಿಳಿಸುತ್ತಾನೆ. ರಮಾಬಾಯಿಯವರಿಗೂ ಮುದಿತನದಲ್ಲಿ ಅತಿ ಕಠಿಣವಾದದ್ದು ಕಾದಿತ್ತು.

ಕೂಲಿಯವರೂ ಹಳ್ಳಿಯ ಹೆಂಗಸರೂ ಸುಲಭವಾಗಿ ತಿಳಿಯುವ ಮರಾಠಿಯಲ್ಲಿ ಸತ್ಯವೇದವಿರಬೇಕೆಂದು ಅವರು ಇಬ್ರಿಯ ಗ್ರೀಕ್ ಭಾಷೆಗಳನ್ನು ಕಲಿತು, ಅನೇಕ ವರುಷ ದುಡಿದು ಭಾಷಾಂತರ ಮಾಡಿದರು. ಮುಕ್ತಿಯ ಹೆಂಗಸರೇ ಅದನ್ನು ಅಚ್ಚುಹಾಕಿದರು. ನಮ್ಮ ಸೀಮೆಯವರಿಗೆ ಇದು ಹೊಸದಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸರು ಇದೇ ಕಷ್ಟವನ್ನು ಕನ್ನಡ ಸತ್ಯವೇದಕ್ಕಾಗಿ ಪಟ್ಟರು. ಶೋಧನೆಯ ಗಳಿಗೆಯಲ್ಲಿ ಪರಭಾಷೆಯ ಮಾತು ನಾಲಿಗೆಗೆ ಬಾರದೆಂಬದನ್ನು ಇಬ್ಬರೂ ಬಲ್ಲವರಾಗಿದ್ದರು.

ಮಗಳಾದ ಮನೋರಮಾಬಾಯಿಯು ತಾಯಿಗೆ ಬಲಗೈಯಾಗಿದ್ದರು. ಅಮೇರಿಕದಲ್ಲಿ ಓದಿ ಬಂದು, ಕುರುಡರಿಗೆ ಬೆರಳಿನಿಂದ ಓದುವದನ್ನು ಕಲಿಸಿದರು. ಅಂದು ನಿಜಾಮರ ಸೀಮೆಯಾಗಿದ್ದ ಕನ್ನಡನಾಡಿನ ಗುಲ್ಬರ್ಗದಲ್ಲಿ, ಇಂದಿನ ಕಲಬುರಗಿಯಲ್ಲಿ, ಹೆಣ್ಣುಮಕ್ಕಳಿಗಾಗಿ ಒಂದು ಪಾಠಶಾಲೆಯನ್ನು ಎಬ್ಬಿಸಿದರು. ತಾಯಿಯ ತರುವಾಯ ಮುಕ್ತಿಯನ್ನು ಈಕೆಯೇ ನೋಡಿಕೊಳ್ಳುವರೆಂದು ಎಲ್ಲರೂ ನೆಚ್ಚಿದ್ದರು. ಆದರೆ 1921ನೆಯ ಇಸವಿ ಜುಲೈ 24ರಂದು, ನಲವತ್ತು ವರುಷ ವಯಸ್ಸಿನಲ್ಲಿ, ಮನೋರಮಾಬಾಯಿಯು ತೀರಿಕೊಂಡರು.

ಹಸಿವಿನಿಂದ ಉಳಿದು, ವೈಧವ್ಯದಿಂದ ಉಳಿದು, ನಿಂದೆಯಿಂದ ಉಳಿದ ತಾಯಿಗೆ ಕಡೆಗೆ ಉಳಿದಿದ್ದ ಒಂದೇ ರಕ್ತಸಂಬಂಧವೂ ಕಡಿಯಿತು. ತಂದೆತಾಯಿಗಳು ಸತ್ತಾಗ ದೇವರುಗಳು ಉತ್ತರ ಕೊಡಲಿಲ್ಲವೆಂದು ಅವರ ಹೃದಯವು ಬರಿದಾಗಿತ್ತು. ಈ ಸಾರಿಯೂ ಪ್ರಾರ್ಥಿಸಿದ ಹಾಗೆ ಆಗಲಿಲ್ಲ. ಆದರೂ ಹೃದಯವು ಬರಿದಾಗಲಿಲ್ಲ. ಅತ್ತರು, ಕೆಲಸವನ್ನು ಬಿಡಲಿಲ್ಲ. ಉಬ್ಬಸಪಡುತ್ತಾ ಸತ್ಯವೇದದ ಅಚ್ಚಿನ ಹಾಳೆಗಳನ್ನು ತಿದ್ದುತ್ತಾ ಕೂತರು. ಆ ಕೆಲಸವು ಮುಗಿಯುವ ಹೊತ್ತಿಗೆ, 1922ನೆಯ ಇಸವಿ ಏಪ್ರಿಲ್ 5ರಂದು, ಕರ್ತನಲ್ಲಿ ನಿದ್ರೆಹೋದರು.

9. ನಮಗೆ ಬುದ್ಧಿ

ಈ ಚರಿತ್ರೆಯಿಂದ ನಾವು ಏನು ಕಲಿಯುವೆವು? ಮೊದಲನೆಯದಾಗಿ, ನಂಬಿದವರ ಹೊಲದ ಮೇಲೆಯೂ ಬರ ಬೀಳುವದು. ಕ್ರಿಸ್ತನು ಕಷ್ಟವಿಲ್ಲದ ಬಾಳನ್ನು ನಮಗೆ ವಾಗ್ದಾನಮಾಡಲಿಲ್ಲ. ಕಷ್ಟದಲ್ಲಿ ಸಂಗಡ ಇರುವದನ್ನೇ ವಾಗ್ದಾನಮಾಡಿದನು. ಎರಡನೆಯದಾಗಿ, ಪಿಸುಮಾತು ಬಂದಾಗ ಒಂಟಿಯಾಗಿರಬಾರದು. ಹಿರಿಯರಿಗೆ ಹೇಳಿಕೊಳ್ಳಿರಿ, ಸಭೆಯಲ್ಲಿ ಪ್ರಾರ್ಥನೆ ಕೇಳಿರಿ, ಮರುದಿವಸದ ಕೆಲಸಕ್ಕೆ ಕೈಹಾಕಿರಿ. ಮೂರನೆಯದಾಗಿ, ನಿಮ್ಮ ನೋವನ್ನು ಹೂತಿಡಬೇಡಿರಿ. ಅದೇ ನೋವಿನಲ್ಲಿರುವವರ ಬಾಗಲಿಗೆ ಅದನ್ನು ತೆಗೆದುಕೊಂಡು ಹೋಗಿರಿ.

ಹಿರೇಹಡಗಲಿಯ ಹೊಳೆಯ ದಡದಲ್ಲಿ ಕೊಡ ತುಂಬುವ ಸಹೋದರಿಯರೇ, ಆ ನೀರು ಬರುವ ಬೆಟ್ಟದಲ್ಲಿ ಹುಟ್ಟಿದ ಈ ತಾಯಿಯನ್ನು ನೆನಸಿಕೊಳ್ಳಿರಿ. ಬೇಸಗೆಯಲ್ಲಿ ಹೊಳೆಯು ಸಣ್ಣಗಾಗಿ ಮರಳಿನ ಕೆಳಗೆ ಅಡಗಿದಂತೆ ಕಾಣುವದು. ಆಗ ನಾವು ಚಿಲುಮೆ ತೋಡುತ್ತೇವೆ, ನೀರು ಸಿಕ್ಕುತ್ತದೆ. ಹಾಗೆಯೇ ಶೋಧನೆಯ ದಿವಸದಲ್ಲಿ ಆಳವಾಗಿ ತೋಡುವವರಿಗೆ ಕರ್ತನು ದೊರೆಯುವನು. ನಮ್ಮ ಸಭೆಗಳಲ್ಲಿ ಇಂಥ ತಾಳ್ಮೆಯನ್ನು ಆತನೇ ಹುಟ್ಟಿಸಲಿ. ಆಮೆನ್.